ಮ್ಯಾನಿಫೋಲ್ಡ್ ಫ್ಲಾಪ್ ಕಿತ್ತೆ, ಮತ್ತೆ ಹಾಕಿದೆ

"ಕಿತ್ತು ಬಿಸಾಡು ಮಾರಾಯ, ಟರ್ಬೋ ಗಾಡಿಗೆ ಅದು ಎಂತಕ್ಕೆ?" ಅಂದಿದ್ದ ಮಂಗಳೂರಿನ ದೋಸ್ತಿ. ಅವನೂ ಮೆಕ್ಯಾನಿಕ್, ನಾನೂ ಮೆಕ್ಯಾನಿಕ್. ಅದು ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯೊಳಗಿನ (ಮ್ಯಾನಿಫೋಲ್ಡ್) ಸಣ್ಣ ಬಾಗಿಲು, ಫ್ಲಾಪ್. ಕಿತ್ತರೆ ಗಾಳಿ ಜಾಸ್ತಿ, ಪವರ್ ಜಾಸ್ತಿ ಅಂತ ಲೆಕ್ಕ. ಅವನ ಮಾತು ಕೇಳಿ ಕಿತ್ತೆ. ಏಳೆಂಟು ತಿಂಗಳು ಹಾಗೇ ಓಡಿಸಿದೆ. ಆಮೇಲೆ ಮತ್ತೆ ಜೋಡಿಸಿದೆ. "ಒಂದೇ ತಿಂಗಳು, ಅದೇ ಕೋಡ್ ವಾಪಸ್ ಬರ್ತದೆ ನೋಡು" ಅಂತ ಅವನು ನಕ್ಕಿದ್ದ. ಇವತ್ತಿಗೆ 22 ಸಾವಿರ ಕಿಲೋಮೀಟರ್ ಆಯಿತು. ಕೋಡ್, ಅಂದರೆ ಸ್ಕ್ಯಾನರಿನಲ್ಲಿ ಕಾಣುವ ದೋಷದ ನಂಬರ್, ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ನನ್ನದೇ. 2011ರ ಸ್ಕೋಡಾ ಲಾರಾ, 2.0 ಟಿಡಿಐ ಕಾಮನ್ ರೈಲ್ ಡೀಸೆಲ್, 140 ಕುದುರೆಯದ್ದು. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಾಗ 1.38 ಲಕ್ಷ ಓಡಿತ್ತು. ಕಾಸರಗೋಡಿನ ಕೆಎಲ್ 14 ನಂಬರ್ ಮಾಡಿಸುವಷ್ಟರಲ್ಲೇ ಅರ್ಧ ಜೀವ ಹೋಗಿತ್ತು, ಅದು ಬೇರೆ ಕಥೆ. ಮೊದಲ ಮಳೆಗಾಲದಲ್ಲೇ ಗ್ಲೋ ಪ್ಲಗ್ಗಿನ ಸುರುಳಿ ದೀಪ ಮಿಣುಕಲು ಶುರುವಾಯಿತು. ಸ್ಕ್ಯಾನರ್ ಹಾಕಿದರೆ ಪಿ2015, ಅಂದರೆ ಫ್ಲಾಪ್ ಇರಬೇಕಾದ ಜಾಗದಲ್ಲಿ ಇಲ್ಲ ಅಂತ. ಅಳಿಸಿದರೆ ಹತ್ತು ಕಿಲೋಮೀಟರ್‌ಗೆ ಮತ್ತೆ ಹಾಜರ್.

ಈ ಎಂಜಿನ್ ಬಿಚ್ಚಿದವರಿಗೆ ಗೊತ್ತು. ಫ್ಲಾಪ್ ತಿರುಗಿಸುವ ಮೋಟರಿನ ಕೈ (ಲಿವರ್) ಬಂದು ತಾಗುವ ಪ್ಲಾಸ್ಟಿಕ್ ಸ್ಟಾಪ್ ಸವೆಯುತ್ತದೆ. ಕೈ ಹೋಗಬಾರದಷ್ಟು ದೂರ ಹೋಗುತ್ತದೆ, ಸೆನ್ಸರ್ ಬೊಬ್ಬೆ ಹೊಡೆಯುತ್ತದೆ. ಫ್ಲಾಪ್‌ಗಳಿಗೆ ಏನೂ ಆಗಿರುವುದಿಲ್ಲ, ಮಸಿ ಹಿಡಿದು ಬಿಗಿಯಾಗಿರುತ್ತವೆ ಅಷ್ಟೆ. ಹೊಸ ಮ್ಯಾನಿಫೋಲ್ಡ್ ಎಷ್ಟು ಅಂತ ಕೇಳಿದೆ. 38 ಸಾವಿರದ ಹತ್ತಿರ ಅಂದರು. ಹೆಚ್ಚುಕಡಿಮೆ ಒಂದು ಕ್ವಿಂಟಲ್ ಅಡಿಕೆಯ ದುಡ್ಡು! ದೋಸ್ತಿಯ ಮಾತು ಸರಿ ಅನ್ನಿಸಿದ್ದು ಆಗ.

ಶಾಫ್ಟ್ ಎಳೆದು ನಾಲ್ಕೂ ಫ್ಲಾಪ್ ತೆಗೆದೆ. ತೂತಿಗೆ ಎಂ-ಸೀಲ್ ತುಂಬಿದೆ. ನಗಬೇಡಿ, ನಾನು ಮಾಡಿದ್ದೇ ಹಾಗೆ. ಮೂರನೇ ದಿನ ಚೆರ್ಕಳದ ಏರಿನಲ್ಲಿ 'ಸುಯ್' ಅಂತ ಶಬ್ದ. ಬಾನೆಟ್ ಎತ್ತಿದರೆ ತೂತಿನ ಸುತ್ತ ಕಪ್ಪು ಎಣ್ಣೆ ಬೆವರಿತ್ತು. ಬಿಸಿ ಎಣ್ಣೆ, ಮೇಲಿಂದ ಟರ್ಬೋ ಒತ್ತಡ, ಎಂ-ಸೀಲ್ ಎಲ್ಲಿ ನಿಲ್ಲುತ್ತದೆ? ಮತ್ತೆ ಬಿಚ್ಚಿ, ಲೇತಿನಲ್ಲಿ ಅಲ್ಯೂಮಿನಿಯಂ ಬಿರಡೆ ಮಾಡಿಸಿ, ಓ-ರಿಂಗ್ ಹಾಕಿ ಬಡಿದೆ. ಗ್ಯಾಸ್ಕೆಟ್ ಎರಡು ಸಲ ಹೋಯಿತು. ಒಂದು ಸಲ ಅಂಗಡಿಯವನು ಬೇರೆ ಎಂಜಿನ್ನಿನದ್ದು ಕೊಟ್ಟಿದ್ದ. ಕೋಡ್ ಬಾರದ ಹಾಗೆ ಎಂಜಿನ್ ಕಂಪ್ಯೂಟರಿನ (ಇಸಿಯು) ಫೈಲ್ ತಿದ್ದಿಸಲು ಏಳೂವರೆ ಸಾವಿರ. ಒಂದು ಬುದ್ಧಿ ಮಾಡಿದ್ದೆ: ಒರಿಜಿನಲ್ ಫೈಲನ್ನು ಮೊದಲೇ ಪೆನ್‌ಡ್ರೈವಿಗೆ ಹಾಕಿಸಿಕೊಂಡಿದ್ದೆ. ಇಲ್ಲದಿದ್ದರೆ ವಾಪಸ್ ಬರುವ ದಾರಿಯೇ ಇರುತ್ತಿರಲಿಲ್ಲ.

ದೀಪ ಹೋಯಿತು. ಖುಷಿಯಲ್ಲಿ ಮುಳ್ಳೇರಿಯ, ಜಾಲ್ಸೂರು ದಾಟಿ ಮಡಿಕೇರಿ ಘಾಟಿಗೆ ಹೋದೆ. ಸಂಪಾಜೆಯವರೆಗೆ ಎಲ್ಲ ಚೆಂದ. ಮೇಲೆ ಹೇರ್‌ಪಿನ್‌ನಲ್ಲಿ ಎರಡನೇ ಗೇರ್, 1300-1400 ಆರ್‌ಪಿಎಂ. ಪೆಡಲ್ ಒತ್ತಿದರೆ ಗಾಡಿ ಯೋಚನೆ ಮಾಡುತ್ತದೆ. ಹಿಂದಿನ ಕನ್ನಡಿಯಲ್ಲಿ ಕಪ್ಪು ಹೊಗೆ. 1900 ದಾಟಿದ ಮೇಲೆ ಎಂದಿನ ಹಾಗೆ ಎಳೆಯಿತು. ಎಂದಿನ ಹಾಗೆ ಅಂದೆ, ಜಾಸ್ತಿ ಅಲ್ಲ. ಹೆದ್ದಾರಿಯಲ್ಲಿ ಅಣ್ಣನ ಮಗ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ನಾಲ್ಕೈದು ಸಲ ಟೈಮ್ ಹಿಡಿದ. 60ರಿಂದ 100ಕ್ಕೆ ಹೋಗಲು ಫ್ಲಾಪ್ ಇದ್ದಾಗಲೂ ಅಷ್ಟೇ, ಇಲ್ಲದಾಗಲೂ ಅಷ್ಟೇ.

ಪವರ್ ಜಾಸ್ತಿ ಆಗುವುದಾದರೂ ಹೇಗೆ? ಪ್ರತಿ ಸಿಲಿಂಡರಿಗೂ ಎರಡು ದಾರಿ, ಫ್ಲಾಪ್ ಇರುವುದು ಒಂದರಲ್ಲಿ ಮಾತ್ರ. ಕೆಳಗಿನ ಆರ್‌ಪಿಎಂನಲ್ಲಿ ಅದನ್ನು ಮುಚ್ಚಿದರೆ ಗಾಳಿ ಇನ್ನೊಂದರಲ್ಲಿ ಸುಳಿದುಕೊಂಡು ಒಳಗೆ ಹೋಗುತ್ತದೆ, ಡೀಸೆಲ್ ಚೆನ್ನಾಗಿ ಬೆರೆಯುತ್ತದೆ. 3000ದ ಹತ್ತಿರ ಬಂದರೆ ಫ್ಲಾಪ್ ಪೂರ್ತಿ ತೆರೆದೇ ಇರುತ್ತದೆ. ತೆರೆದ ಬಾಗಿಲನ್ನು ಕಿತ್ತರೆ ಗಾಳಿ ಎಷ್ಟು ಜಾಸ್ತಿ ಬಂದೀತು? ಈ ಎಂಜಿನ್ನಿನ 320 ನ್ಯೂಟನ್ ಮೀಟರ್ ಸಿಗುವುದೇ 1750ರಿಂದ 2500ರ ನಡುವೆ. ಅದಕ್ಕಿಂತ ಕೆಳಗೆ ಟರ್ಬೋ ಇನ್ನೂ ಎದ್ದಿರುವುದಿಲ್ಲ. ನಾನು ಹಾಳು ಮಾಡಿದ್ದು ಆ ಜಾಗವನ್ನೇ.

ಮೈಲೇಜ್ ಹದಿನೇಳರ ಹತ್ತಿರ ಇದ್ದದ್ದು ಹದಿನಾರಕ್ಕೂ ಸ್ವಲ್ಪ ಕಡಿಮೆ ಆಯಿತು. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದು ನಿಮಿಷ ನಡುಕ. ತಮಾಷೆ ಅಂದರೆ ಹೊಗೆ ಟೆಸ್ಟ್ ಪಾಸ್! ಅಲ್ಲಿ ನ್ಯೂಟ್ರಲ್‌ನಲ್ಲಿ ಪೆಡಲ್ ಪೂರ್ತಿ ಒತ್ತಿಸುತ್ತಾರೆ, ಆರ್‌ಪಿಎಂ ಒಂದೇ ಸಲ ಮೇಲೆ ಹೋಗುತ್ತದೆ. ಕಪ್ಪು ಬರುವುದು ಏರಿನಲ್ಲಿ, ಲೋಡಿನಲ್ಲಿ. ಸರ್ಟಿಫಿಕೇಟ್ ಹಿಡಿದುಕೊಂಡು ಬಂದೆ, ಮನಸ್ಸಿಗೆ ಸಮಾಧಾನ ಆಗಲಿಲ್ಲ.

ಹಾಗಂತ ಎಲ್ಲ ಗಾಡಿಗೂ ಇದೇ ಮಾತು ಅಲ್ಲ. ಬಿಎಂಡಬ್ಲ್ಯುವಿನ ಹಳೆ ಎಂ47, ಎಂ57 ಡೀಸೆಲ್ ಬಂದರೆ ನಾನೂ ಕೀಳುವವನೇ. ಅದರಲ್ಲಿ ಲೋಹದ ಫ್ಲಾಪ್ ಮುರಿದು ಸಿಲಿಂಡರ್ ಒಳಗೆ ಬಿದ್ದರೆ ಪಿಸ್ಟನ್, ವಾಲ್ವ್ ಎಲ್ಲ ಹೋಗುತ್ತದೆ. ಅದಕ್ಕೆ 22 ಮಿಲಿಮೀಟರ್, 33 ಮಿಲಿಮೀಟರ್ ಬ್ಲ್ಯಾಂಕ್ (ತೂತು ಮುಚ್ಚುವ ಬಿರಡೆ) ರೆಡಿ ಸಿಗುತ್ತವೆ. ಅಲ್ಲಿ ಕೀಳುವುದು ಪವರಿಗಲ್ಲ, ಎಂಜಿನ್ ಉಳಿಸಲಿಕ್ಕೆ.

ವಾಪಸ್ ಹಾಕುವ ಕೆಲಸ ಎರಡು ದಿನ ತಿಂದಿತು. ಹಳೆ ಶಾಫ್ಟ್, ಫ್ಲಾಪ್ ಡಬ್ಬದಲ್ಲಿ ಇಟ್ಟಿದ್ದೆ, ಪುಣ್ಯ. ಮ್ಯಾನಿಫೋಲ್ಡ್ ಒಳಗೆ ಬೆರಳು ಹಾಕಿದರೆ ಡಾಂಬರಿನ ಥರ ಮಸಿ, ಒಂದು ಕಡೆ ದಾರಿ ಅರ್ಧ ಮುಚ್ಚಿತ್ತು. ಮೊದಲು ಡೀಸೆಲಿನಲ್ಲಿ ಒಂದು ರಾತ್ರಿ ನೆನೆಹಾಕಿದೆ. ಆಮೇಲೆ ಬಚ್ಚಲುಮನೆ ಹಂಡೆಯಿಂದ ಬಿಸಿನೀರು ತೋಡಿ, ಬಕೆಟಿನಲ್ಲಿ ವಾಷಿಂಗ್ ಸೋಡಾ ಹಾಕಿ ತಿಕ್ಕಿದೆ. ಕೈ ತಡೆಯುವಷ್ಟು ಬಿಸಿ ಸಾಕು, ಪ್ಲಾಸ್ಟಿಕ್ ಅಲ್ವಾ. ಬಚ್ಚಲಿನ ನೆಲ ನೋಡಿ ಹೆಂಡತಿ ಎರಡು ದಿನ ಮಾತಾಡಲಿಲ್ಲ.

ಸವೆದ ಸ್ಟಾಪಿನ ಜಾಗಕ್ಕೆ ಬದಿಯಡ್ಕದ ಲೇತಿನಲ್ಲಿ ಅಲ್ಯೂಮಿನಿಯಂ ತುಂಡು ಮಾಡಿಸಿದೆ. 350 ರೂಪಾಯಿ. ಮೊದಲನೆಯದು ದಪ್ಪ ಆಯಿತು, ಕೈ ಬೇಗ ತಾಗಿ ಕೋಡ್ ಬಂತು. ಎರಡನೆಯದು ತೆಳು, ಮತ್ತೆ ಕೋಡ್. ಮೂರನೆಯದು ಸರಿ ಕೂತಿತು. ಒಂದು ಅಂಚನ್ನು ಅರದಿಂದ ಸ್ವಲ್ಪ ಉಜ್ಜಬೇಕು. ಎಷ್ಟು, ಯಾವ ಅಂಚು ಅಂತ ಮಾತ್ರ ಹೇಳುವುದಿಲ್ಲ, ಅದು ನನ್ನ ಅನ್ನ. ಆಮೇಲೆ ಒರಿಜಿನಲ್ ಫೈಲ್ ವಾಪಸ್ ಹಾಕಿಸಿ, ಸ್ಕ್ಯಾನರಿನಲ್ಲಿ ಬೇಸಿಕ್ ಸೆಟ್ಟಿಂಗ್ ಮಾಡಿದೆ, ಅಂದರೆ ಕೈ ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ಎಂಜಿನ್ ಕಂಪ್ಯೂಟರಿಗೆ ಹೊಸದಾಗಿ ಕಲಿಸಿದೆ. ಅದನ್ನು ಬಿಟ್ಟರೆ ತುಂಡು ಎಷ್ಟು ಚೆನ್ನಾಗಿ ಕೂತರೂ ಸುಖವಿಲ್ಲ.

ನಡುವೆ ಒಂದು ಹುಚ್ಚಾಟ ಮಾಡಿದ್ದೆ. ಫ್ಲಾಪ್ ಅರ್ಧ ತೆರೆದಿಟ್ಟು ಕೈಯನ್ನು ಜಿಐ ತಂತಿಯಿಂದ ಕಟ್ಟಿದೆ. ಕೆಳಗೂ ಇಲ್ಲ, ಮೇಲೂ ಇಲ್ಲ, ಎರಡು ದಿನಕ್ಕೆ ಬಿಚ್ಚಿದೆ. ಇನ್ನೊಂದು ಮಾತ್ರ ಫಲ ಕೊಟ್ಟಿತು. ಮಸಿ ಅಂಟುವುದು ಬ್ರೀದರಿನ, ಅಂದರೆ ಎಂಜಿನ್ ಒಳಗಿನ ಹಬೆ ಹೊರಬಿಡುವ ಪೈಪಿನ, ಎಣ್ಣೆ ಹಬೆ ಜೊತೆಗೆ ಸೇರುವುದರಿಂದ. ಆ ಪೈಪಿನ ನಡುವೆ ಎಣ್ಣೆ ಹಿಡಿಯುವ ಒಂದು ಡಬ್ಬ, ಕ್ಯಾಚ್ ಕ್ಯಾನ್, ಕೂರಿಸಿದೆ, ಒಳಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು. ಎರಡು ಸಾವಿರ ಕಿಲೋಮೀಟರಿಗೆ ನಾಲ್ಕೈದು ಚಮಚ ಕೊಳಕು ಸಿಗುತ್ತದೆ, ಮಳೆಗಾಲದಲ್ಲಿ ನೀರು ಸೇರಿ ಇನ್ನೂ ಜಾಸ್ತಿ. ಅಷ್ಟೂ ಒಳಗೆ ಹೋಗುತ್ತಿತ್ತಲ್ಲ!

ಲೆಕ್ಕ ಹೇಳಿದರೆ, ಕೀಳಲು ಹದಿನಾಲ್ಕು ಸಾವಿರ ಹೋಗಿರಬೇಕು. ವಾಪಸ್ ಹಾಕಲು ಗ್ಯಾಸ್ಕೆಟ್, ಫೈಲ್, ಮೂರು ತುಂಡು ಎಲ್ಲ ಸೇರಿ ಆರು ಸಾವಿರ ಒಳಗೆ. ಕೂಲಿ ನನ್ನದೇ. ಮೊದಲೇ ಇದನ್ನು ಮಾಡಿದ್ದರೆ ಹದಿನಾಲ್ಕು ಉಳಿಯುತ್ತಿತ್ತು. ಈಗ ಎರಡನೇ ಗೇರಿನಲ್ಲಿ ಘಾಟಿ ಹತ್ತುವಾಗ 1400ರಲ್ಲೂ ಗೊಣಗುವುದಿಲ್ಲ.

ಈಚೆಗೆ ಉಪ್ಪಳದ ಗಲ್ಫ್‌ನವರ ಒಂದು ಜೆಟ್ಟಾಕ್ಕೂ ಹೀಗೇ ಮಾಡಿಕೊಟ್ಟೆ. ಅದು ಹೇಗೋ ದೋಸ್ತಿಯ ಕಿವಿಗೆ ಬಿತ್ತು. ಹೋದ ವಾರ ಫೋನ್: "ಆ ತುಂಡಿನ ಅಳತೆ ಒಂದು ವಾಟ್ಸಾಪ್ ಮಾಡು." ಗಾಡಿ ತಲಪಾಡಿ ಗಡಿ ದಾಟಿಸಿ ಇಲ್ಲಿಗೆ ಕಳಿಸು ಅಂದೆ.