ವೃಷಭಾವತಿಯ ಚಿತ್ರ ತೆಗೆಯಲು ಹೋಗಿ

ಬೆಂಗಳೂರಿನ ನಾಯಂಡಹಳ್ಳಿಯ ಸೇತುವೆಯ ಮೇಲೆ ಮೊದಲ ಸಲ ಕ್ಯಾಮೆರಾ ಹಿಡಿದು ನಿಂತಾಗ ಹಿರಿಯರೊಬ್ಬರು ಪಕ್ಕಕ್ಕೆ ಬಂದು, "ಮೋರಿಯ ಫೋಟೊ ಏಕೆ ತೆಗೆಯುತ್ತಿದ್ದೀರಿ?" ಎಂದು ಕೇಳಿದರು. "ಇದು ವೃಷಭಾವತಿ ನದಿ" ಎಂದೆ. ಅವರು ಕಂಬಿ ಹಿಡಿದು ಸ್ವಲ್ಪ ಹೊತ್ತು ಕೆಳಗೆ ನೋಡಿದರು. "ಹೌದು, ನಾವು ಚಿಕ್ಕವರಿದ್ದಾಗ ಹೊಳೆ ಎನ್ನುತ್ತಿದ್ದೆವು. ಕೆಂಗೇರಿ ಮೋರಿ ಎಂದು ಯಾವಾಗ ಕರೆಯತೊಡಗಿದೆವೋ ನೆನಪಿಲ್ಲ" ಎಂದರು. ಅಂದು ತೆಗೆದ ಚಿತ್ರಗಳಲ್ಲಿ ಒಂದೂ ಇಟ್ಟುಕೊಳ್ಳುವಂತಿರಲಿಲ್ಲ. ಆ ಮಾತು ಮಾತ್ರ ನನ್ನ ಜೊತೆ ಮನೆಗೆ ಬಂತು.

ಮೈಸೂರು ರಸ್ತೆಯಲ್ಲಿ ದಿನವೂ ಓಡಾಡುವವರಿಗೆ ಈ ನೀರು ಮೊದಲು ಮೂಗಿಗೆ ಬೀಳುತ್ತದೆ, ಆಮೇಲೆ ಕಣ್ಣಿಗೆ. ನನಗೂ ಹಾಗೆಯೇ ಇತ್ತು. ನದಿ ಎಂದು ತಿಳಿದಿತ್ತು, ನದಿಯಂತೆ ನೋಡಿರಲಿಲ್ಲ. ಹೀಗಾಗಿ ಮೊದಲ ಕೆಲವು ವಾರ ಎಲ್ಲರೂ ತೆಗೆಯುವ ಚಿತ್ರವನ್ನೇ ನಾನೂ ತೆಗೆದೆ: ನೊರೆ. ಮಾರ್ಜಕಗಳು ಬೆರೆತ ಕೊಳಚೆ ನೀರು ಎತ್ತರದಿಂದ ಧುಮುಕಿದಲ್ಲೆಲ್ಲ ಬೆಳ್ಳನೆ ನೊರೆ ಏಳುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಅದು ಅರಳೆಯ ರಾಶಿಯ ಹಾಗೆ ಕಾಣುತ್ತದೆ. ಮಸೂರದ ಮುಂದೆ ಬೆಳಕು ತಡೆಯುವ ಎನ್‌ಡಿ ಫಿಲ್ಟರ್ ಹಾಕಿ, ಟ್ರೈಪಾಡ್ ನಿಲ್ಲಿಸಿ, ಇಪ್ಪತ್ತು ಸೆಕೆಂಡು ಶಟರ್ ತೆರೆದಿಟ್ಟೆ. ಮನೆಗೆ ಬಂದು ಪರದೆಯ ಮೇಲೆ ನೋಡಿದರೆ ಹಾಲಿನ ಹೊಳೆ. ತೇಲಿಹೋದ ಪ್ಲಾಸ್ಟಿಕ್ ಚೀಲ, ಥರ್ಮೊಕೋಲ್ ಚೂರು, ಹಳೆಯ ಚಪ್ಪಲಿ, ಎಲ್ಲವನ್ನೂ ಆ ಇಪ್ಪತ್ತು ಸೆಕೆಂಡುಗಳು ಒರೆಸಿ ಹಾಕಿದ್ದವು. ಚಿತ್ರ ಸುಂದರವಾಗಿತ್ತು, ಮತ್ತು ಅದು ಸುಳ್ಳಾಗಿತ್ತು. ಅಂದಿನಿಂದ ಮೈಸೂರು ರಸ್ತೆಯ ಬದಿಯಲ್ಲಿ ಸೆಕೆಂಡಿನ ಐನೂರನೇ ಒಂದು ಭಾಗಕ್ಕಿಂತ ನಿಧಾನವಾಗಿ ಶಟರ್ ಬಿಟ್ಟಿಲ್ಲ.

ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಮಾತ್ರ ತುಂಬ ಕೆಲಸಕ್ಕೆ ಬಂತು. ನೀರಿನ ಮೇಲೆ ಆಕಾಶ ಬಿದ್ದಿರುವಾಗ ಯಾವ ಕೊಳಚೆಯೂ ನೀಲಿಯಾಗಿಯೇ ಕಾಣುತ್ತದೆ. ಮಸೂರದ ಮುಂದಿನ ಉಂಗುರವನ್ನು ಮೆಲ್ಲಗೆ ತಿರುಗಿಸಿದರೆ ಒಂದು ಹಂತದಲ್ಲಿ ಆಕಾಶ ಜಾರಿಹೋಗಿ ಕೆಳಗಿನ ಕಪ್ಪು ನೀರು ಮೇಲೆದ್ದು ಬರುತ್ತದೆ. ಒಂದು ಸಲ ಹಾಗೆ ತಿರುಗಿಸುತ್ತಿದ್ದಾಗ ಹೂಳಿನಲ್ಲಿ ಅರ್ಧ ಹೂತುಹೋದ ಸೀರೆಯ ಅಂಚು ಕಂಡಿತು, ಜರಿ ಇನ್ನೂ ಹೊಳೆಯುತ್ತಿತ್ತು. ಉಂಗುರ ತಿರುಗಿಸುವ ಮುನ್ನ ಅದು ಅಲ್ಲಿರಲೇ ಇಲ್ಲವೆಂದು ಆಣೆ ಮಾಡಿ ಹೇಳಬಹುದಿತ್ತು.

ಆದರೂ ಇವೆಲ್ಲ ಮೋರಿಯ ಚಿತ್ರಗಳೇ ಆದವು. ನದಿ ಬೇಕಿದ್ದರೆ ಹೆಸರಿನ ಹಿಂದೆ ಹೋಗಬೇಕು ಅನ್ನಿಸಿತು.

ಹೆಸರಿನ ಅರ್ಥ ಎಲ್ಲರಿಗೂ ಗೊತ್ತು: ವೃಷಭವೆಂದರೆ ಎತ್ತು, ಬಸವ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದವಳು ಎಂಬುದು ಪ್ರತೀತಿ. ನನಗೆ ತಡವಾಗಿ ಹೊಳೆದದ್ದು ಇನ್ನೊಂದು. ಸಂಸ್ಕೃತದ ವೃಷಭವೇ ಕನ್ನಡದ ಬಾಯಲ್ಲಿ ಬಸವ ಆದದ್ದು. ಬಸವನಗುಡಿ, ವೃಷಭಾವತಿ ಎರಡೂ ಒಂದೇ ಶಬ್ದದ ಮಕ್ಕಳು. ಒಂದು ಹೆಸರನ್ನು ಜನ ವಿಳಾಸದಲ್ಲಿ ಹೆಮ್ಮೆಯಿಂದ ಬರೆಯುತ್ತಾರೆ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಸಾವಿರಾರು ಮಂದಿ ಆ ಗುಡಿಯ ಬೀದಿಗೆ ಬರುತ್ತಾರೆ. ಇನ್ನೊಂದು ಹೆಸರು ಕಾಮಾಕ್ಷಿಪಾಳ್ಯದ ಪಕ್ಕದ ವೃಷಭಾವತಿನಗರದ ಫಲಕಗಳಲ್ಲಿ ಸಿಗುತ್ತದೆ, ನದಿಯ ದಡದಲ್ಲಿ ಹುಡುಕಬೇಕಾಗುತ್ತದೆ.

ದೇವಸ್ಥಾನದೊಳಗೆ ಕ್ಯಾಮೆರಾ ತೆಗೆಯಲಿಲ್ಲ. ಒಂದೇ ಬಂಡೆಯಲ್ಲಿ ಕಡೆದ ಆ ಎತ್ತರದ ನಂದಿಯನ್ನು ಕೈಮುಗಿದು ನೋಡಿ, ಹೊರಬಂದು ಪಕ್ಕದ ಕಹಳೆ ಬಂಡೆಗೆ ಹೋದೆ. ಹೋದದ್ದು ಮೇ ತಿಂಗಳ ಮಳೆ ಶುರುವಾಗುವ ಹೊತ್ತಿಗೆ, ಬೇಕೆಂದೇ. ಬೆಂಗಳೂರು ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿನ ಊರು. ಬೇರೆಡೆಯಿಂದ ಹರಿದು ಬರುವ ದೊಡ್ಡ ನದಿ ಇದಕ್ಕಿಲ್ಲ, ನದಿ ಇಲ್ಲೇ ಹುಟ್ಟಬೇಕು. ದಿಣ್ಣೆಯ ಪೂರ್ವಕ್ಕೆ ಜಾರಿದ ಮಳೆ ದಕ್ಷಿಣ ಪಿನಾಕಿನಿಯ ಪಾಲು, ಪಶ್ಚಿಮಕ್ಕೆ ಜಾರಿದ್ದು ವೃಷಭಾವತಿ, ಅರ್ಕಾವತಿಗಳ ಕೈಹಿಡಿದು ಕಾವೇರಿಯ ಪಾಲು. ಇದನ್ನು ನಕ್ಷೆಯಲ್ಲಿ ನೋಡಿದ್ದೆ. ಅಂದು ಕಣ್ಣಾರೆ ಕಂಡೆ.

ಛತ್ರಿಯನ್ನು ಹೆಗಲು ಕೆನ್ನೆಗಳ ನಡುವೆ ಸಿಕ್ಕಿಸಿ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತಿದ್ದೆ. ಹನಿಗಳು ಮೊದಲು ಕಲ್ಲನ್ನು ಚುಕ್ಕೆ ಚುಕ್ಕೆಯಾಗಿ ಕಪ್ಪು ಮಾಡಿದವು, ಆಮೇಲೆ ಇಡೀ ಬಂಡೆ ಹೊಳೆಯತೊಡಗಿತು. ನೀರು ತೆಳ್ಳನೆ ಪೊರೆಯಂತೆ ಜಾರಿ ಬೆರಳಗಲದ ಒಂದು ಬಿರುಕಿಗೆ ಇಳಿಯಿತು. ಬಿರುಕಿನ ತುದಿಯಲ್ಲಿ ಹೊಂಗೆಯ ಹೂವೊಂದು ಸಿಕ್ಕಿಕೊಂಡಿತ್ತು. ನೀರು ಅದರ ಹಿಂದೆ ಕೂಡಿ, ಕೂಡಿ, ಒಮ್ಮೆಲೇ ಅದನ್ನು ಎತ್ತಿಕೊಂಡು ಹೋಯಿತು. ಆ ಕ್ಷಣ ನನಗೆ ಸಿಕ್ಕಿತು, ಸ್ವಲ್ಪ ಅಲುಗಿದೆ. ಬಸವನ ಪಾದದಲ್ಲಿ ನದಿ ಹುಟ್ಟುತ್ತದೆ ಎಂದು ಯಾರೋ ಹಿಂದಿನವರು ಹೇಳಿದ್ದು ಇದನ್ನೇ ನೋಡಿ ಇರಬೇಕು ಎಂಬುದು ನನ್ನ ಊಹೆ. ಗುಡಿಯಿರುವುದೂ ಗುಡ್ಡದ ನೆತ್ತಿಯಲ್ಲಿಯೇ. ಬಂಡೆಗಳ ನಡುವಿನಿಂದ ನೀರು ಇಳಿಯುವುದನ್ನು ಅವರು ಪ್ರತಿ ಮಳೆಗಾಲದಲ್ಲೂ ಕಂಡಿದ್ದರು.

ಈ ನದಿಗೆ ಮೂಲ ಒಂದೇ ಅಲ್ಲ. ಮಲ್ಲೇಶ್ವರದ ಕಡೆಯಿಂದಲೂ ಒಂದು ಕವಲು ಬರುತ್ತದೆ. ಅಲ್ಲಿಯೂ ಬಸವಣ್ಣನೇ: ಕಾಡು ಮಲ್ಲೇಶ್ವರನ ಎದುರಿನ ದಕ್ಷಿಣಮುಖ ನಂದಿ ತೀರ್ಥದಲ್ಲಿ ನಂದಿಯ ಬಾಯಿಂದ ನೀರು ಬಂದು ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಹೋಗುತ್ತದೆ. ಮಣ್ಣಿನಡಿ ಮುಚ್ಚಿಹೋಗಿದ್ದ ಈ ತೀರ್ಥ 1990ರ ದಶಕದ ಕೊನೆಯಲ್ಲಷ್ಟೇ ಮತ್ತೆ ಬೆಳಕಿಗೆ ಬಂತು. ಒಂದು ತುದಿಯಲ್ಲಿ ಪಾದ, ಇನ್ನೊಂದು ತುದಿಯಲ್ಲಿ ಬಾಯಿ. ಹೆಸರು ಎಷ್ಟು ಸರಿಯಾಗಿ ಕೂತಿದೆ ಎಂದು ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಯೋಚಿಸಿದೆ.

ಆಮೇಲೆ ಕೆಳಗಿಳಿಯುತ್ತ ಬಂದೆ. ಗಾಳಿ ಆಂಜನೇಯ ಗುಡಿಯ ಬಳಿ ಮಳೆ ಜೋರಾದರೆ ನೀರು ಒಳಗೇ ಬರುತ್ತದೆ. ವ್ಯಾಸರಾಯರು ಪ್ರತಿಷ್ಠಾಪಿಸಿದರು ಎನ್ನುವ ಈ ಆಂಜನೇಯ ನಿಂತಿರುವುದು ಹೊಳೆಯ ದಡದಲ್ಲಿ ಎಂಬುದು ಅಂಥ ದಿನ ಮಾತ್ರ ಊರಿಗೆ ನೆನಪಾಗುತ್ತದೆ. ಮುಂದಕ್ಕೆ ಜಾಗ ಹುಡುಕಲು ನೇರಳೆ ಮಾರ್ಗದ ಮೆಟ್ರೊ ಒಳ್ಳೆಯ ಸಹಾಯ ಮಾಡಿತು. 2021ರಲ್ಲಿ ಕೆಂಗೇರಿಯವರೆಗೆ ಓಡತೊಡಗಿದ ಈ ರೈಲಿನ ಕಿಟಕಿಯಲ್ಲಿ ಕುಳಿತರೆ ಕಾಂಕ್ರೀಟ್ ಗೋಡೆಗಳ ನಡುವಿನ ನದಿಯ ತಿರುವುಗಳು ರಸ್ತೆಯಿಂದ ಎಂದೂ ಕಾಣದಷ್ಟು ಸ್ಪಷ್ಟವಾಗಿ ಕಾಣುತ್ತವೆ. ಚಿತ್ರ ತೆಗೆಯಲು ಇಳಿದೇ ಹೋಗಬೇಕು. ನೊರೆ ಹಾರುವ ಕಡೆ ಮಸೂರದ ಮುಂದೆ ಒಂದು ಸಾದಾ ಗಾಜಿನ ಫಿಲ್ಟರ್ ಇರಲೇಬೇಕು. ಒಣಗಿದ ಹನಿ ಜಿಡ್ಡಾಗಿ ಅಂಟುತ್ತದೆ, ಬಟ್ಟೆಯಲ್ಲಿ ಉಜ್ಜಿದಷ್ಟೂ ಹರಡುತ್ತದೆ.

ಬಿಡದಿ ಬಳಿಯ ಬೈರಮಂಗಲ ಜಲಾಶಯವನ್ನು ಕಟ್ಟಿದ್ದು 1940ರ ದಶಕದಲ್ಲಿ, ಹೊಲಗಳಿಗೆ ನೀರುಣಿಸಲು. ಅಲ್ಲಿ ಹುಲ್ಲಿನ ಹೊರೆ ಕಟ್ಟುತ್ತಿದ್ದ ಮಹಿಳೆಯೊಬ್ಬರಿಗೆ ನನ್ನ ಕ್ಯಾಮೆರಾದಲ್ಲಿದ್ದ ಹೊಂಗೆ ಹೂವಿನ ಚಿತ್ರ ತೋರಿಸಿ, "ನಿಮ್ಮ ಕೆರೆಗೆ ಬರುವ ನೀರು ಶುರುವಾಗುವುದು ಇಲ್ಲಿ" ಎಂದೆ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು ಪರದೆಯನ್ನು ಹತ್ತಿರ ಹಿಡಿದರು. "ಇಷ್ಟು ತಿಳಿಯಾಗಿದೆಯೇ!" ಎಂದವರು ಇನ್ನೊಮ್ಮೆ ತೋರಿಸಲು ಹೇಳಿದರು.

ಅಲ್ಲಿಂದ ಬಂದ ಮೇಲೆ ಚಿತ್ರಗಳನ್ನು ಜೋಡಿಸುವ ಕ್ರಮ ಬದಲಾಯಿಸಿದೆ. ಮೊದಲು ಕಹಳೆ ಬಂಡೆಯ ಬಿರುಕು, ನಂತರ ನಂದಿಯ ಬಾಯಿ, ನಾಯಂಡಹಳ್ಳಿಯ ಜರಿಯಂಚು, ಬೈರಮಂಗಲದ ಹುಲ್ಲಿನ ಹೊರೆ. ಪ್ರತಿಯೊಂದರ ಕೆಳಗೂ ಜಾಗದ ಹೆಸರಿಗಿಂತ ಮೊದಲು ವೃಷಭಾವತಿ ಎಂದು ಬರೆಯುತ್ತೇನೆ. ಕನಕಪುರದ ಹತ್ತಿರ ಅವಳು ಅರ್ಕಾವತಿಯನ್ನು ಸೇರುವ ಜಾಗ ಇನ್ನೂ ಬಾಕಿಯಿದೆ. ಮಳೆ ಮುಗಿದು ಹಾದಿಯ ಕೆಸರು ಒಣಗಲಿ ಎಂದು ಕಾಯುತ್ತಿದ್ದೇನೆ.