ಹಳೆಯ ಗಾಲ್ಫ್ ಐರನ್ ಕ್ಲಬ್‌ಗಳ ತುಕ್ಕಿಗೆ ಫಾಯಿಲ್ ಮುದ್ದೆ

ಕ್ರೋಮ್ ಲೇಪನದ ಹಳೆಯ ಐರನ್‌ಗಳ (ಲೋಹದ ತಲೆಯ ಗಾಲ್ಫ್ ಕೋಲುಗಳ) ಮೇಲೆ ಕಂದು ಚುಕ್ಕೆ ಕಂಡರೆ ಸ್ಟೀಲ್ ವುಲ್ ಹಿಡಿಯಬೇಡಿ. ಅಲ್ಯೂಮಿನಿಯಂ ಫಾಯಿಲ್‌ನ ಚೂರೊಂದನ್ನು ಮುದ್ದೆ ಮಾಡಿ, ನೀರಲ್ಲಿ ಅದ್ದಿ, ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆದು, ಹಾಗಾಗಿ ಗೀರು ಬೀಳುವುದಿಲ್ಲ. ಉಜ್ಜುವಾಗ ಬರುವ ಬೂದು ಕೆಸರೇ ಪಾಲಿಶ್‌ನಂತೆ ಕೆಲಸ ಮಾಡುತ್ತದೆ. (ಕೈ ಕಪ್ಪಾಗುತ್ತದೆ, ಹಳೇ ಬಟ್ಟೆ ಪಕ್ಕದಲ್ಲಿರಲಿ.) ಆಮೇಲೆ ತೊಳೆದು ಪೂರ್ತಿ ಒಣಗಿಸಿ, ಚೆಂಡಿಗೆ ತಾಗುವ ಮುಖದ ಗೆರೆಗಳಲ್ಲಿ ಮತ್ತು ಶಾಫ್ಟ್ (ಕೋಲಿನ ದಂಡ) ತಲೆಗೆ ಸೇರುವಲ್ಲಿ ನೀರು ನಿಂತರೆ ತುಕ್ಕು ವಾಪಸ್ ಬಂತೆಂದೇ ಲೆಕ್ಕ. ಲೇಪನ ಎದ್ದುಹೋಗಿ ಗುಳಿ ಬಿದ್ದಿದ್ದರೆ ಇದರಿಂದ ಪ್ರಯೋಜನವಿಲ್ಲ, ಹೆಚ್ಚೆಂದರೆ ಕಲೆ ಸ್ವಲ್ಪ ತಿಳಿಯಾದೀತು. ಮರದ ಡ್ರೈವರ್ (ದೂರದ ಹೊಡೆತದ ಕ್ಲಬ್), ಕಪ್ಪು ಫಿನಿಶ್‌ನ ವೆಜ್ (ಹತ್ತಿರದ ಹೊಡೆತದ ಕ್ಲಬ್), ಗ್ರಾಫೈಟ್ ಶಾಫ್ಟ್‌ಗಳ ಹತ್ತಿರ ಮಾತ್ರ ಈ ಮುದ್ದೆ ತರಲೇಬೇಡಿ.