ಮಾತ್ರೆ ತಿಂದ ನೊಣ ಎಷ್ಟು ದಿನ ಬದುಕುತ್ತೆ?

ಹಣ್ಣು ಕಳಿತ ಕೂಡಲೇ ಎಲ್ಲಿಂದಲೋ ಹುಟ್ಟಿಬರುವ ಆ ಪುಟಾಣಿ ನೊಣ ಗೊತ್ತಲ್ವಾ? ಕೆಂಪು ಕಣ್ಣು, ಎಳ್ಳುಕಾಳಿನಷ್ಟು ಮೈ. ವಿಜ್ಞಾನದ ಪುಸ್ತಕದಲ್ಲಿ ಇದರ ಹೆಸರು ಡ್ರೊಸೋಫಿಲ. ಇದರ ಆಯಸ್ಸು ಎರಡು ತಿಂಗಳು, ಚೆನ್ನಾಗಿ ಸಾಕಿದರೆ ಕೆಲವು ಮೂರರ ಹತ್ತಿರ ಹೋಗುತ್ತವೆ. ಮುಪ್ಪಿನ ಬಗ್ಗೆ ತಲೆ ಕೆಡಿಸಿಕೊಂಡವರು ನೂರು ವರ್ಷಗಳಿಂದ ಇದರ ಬೆನ್ನು ಬಿದ್ದಿರುವುದು ಅದಕ್ಕೇ. ಒಂದು ವಿಟಮಿನ್ ಮಾತ್ರೆ ಮನುಷ್ಯನ ಆಯಸ್ಸು ಹೆಚ್ಚಿಸುತ್ತದೆಯೇ ಎಂದು ನೋಡಲು ಹೊರಟರೆ, ನೋಡುವವನ ಆಯಸ್ಸೇ ಮುಗಿದುಹೋಗುತ್ತದೆ. ನೊಣದಲ್ಲಾದರೆ ಮೂರು ತಿಂಗಳು ಸಾಕು.

ಈ ಪ್ರಯೋಗವನ್ನು ಮನೆಯಲ್ಲೂ ಮಾಡಬಹುದು. ಆದರೆ ಮೊದಲೇ ಒಂದು ಮಾತು. ಆಹಾರಕ್ಕೆ ಮಾತ್ರೆ ಬೆರೆಸುವುದು ಇದರಲ್ಲಿ ಅತಿ ಸುಲಭದ ಕೆಲಸ. ಕಷ್ಟವೆಲ್ಲ ಇರುವುದು ಮಾತ್ರೆ ಬೆರೆಸದ ಬಾಟಲಿಯಲ್ಲಿ. ಅದನ್ನು ಸಾದಾ ಬಾಟಲಿ ಅನ್ನೋಣ, ಇನ್ನೊಂದನ್ನು ಮದ್ದಿನ ಬಾಟಲಿ. ಸಾದಾ ಬಾಟಲಿಯ ನೊಣಗಳನ್ನು ಪೂರ್ತಿ ಆಯಸ್ಸು ಬದುಕಿಸಲು ಬಾರದವರಿಗೆ ಮದ್ದಿನ ಬಾಟಲಿ ಏನನ್ನೂ ಹೇಳುವುದಿಲ್ಲ.

ಒಂದೇ ವಯಸ್ಸಿನ ನೊಣಗಳು

ಹಣ್ಣಿನ ಮೇಲೆ ಕೂತ ನೊಣಗಳನ್ನೇ ಹಿಡಿದು ಪ್ರಯೋಗಕ್ಕೆ ಇಳಿಯಬೇಡಿ. ಅದರಲ್ಲಿ ನಿನ್ನೆ ಹುಟ್ಟಿದ್ದೂ ಇರುತ್ತದೆ, ನಾಳೆ ಸಾಯುವುದೂ ಇರುತ್ತದೆ. ಹಿಡಿದವು ಅಪ್ಪ ಅಮ್ಮ ಆಗಲಿ. ಅವುಗಳ ಮಕ್ಕಳೋ ಮೊಮ್ಮಕ್ಕಳೋ ನಮಗೆ ಬೇಕು.

ಅಗಲ ಬಾಯಿಯ ಬಾಟಲಿಯಲ್ಲಿ ಆಹಾರ ಹಾಕಿ, ಇಪ್ಪತ್ತು ಮೂವತ್ತು ನೊಣ ಬಿಟ್ಟು, ಹತ್ತಿಯ ಬಿರಡೆ ಹಾಕಿ. ಒಂದೆರಡು ದಿನ ಮೊಟ್ಟೆ ಇಡಲಿ, ಆಮೇಲೆ ದೊಡ್ಡವನ್ನೆಲ್ಲ ತೆಗೆದುಬಿಡಿ. ಜಾಸ್ತಿ ದಿನ ಬಿಟ್ಟರೆ ಮರಿಹುಳುಗಳು ಕಿಕ್ಕಿರಿಯುತ್ತವೆ. ಒತ್ತೊತ್ತಾಗಿ ಬೆಳೆದ ಹುಳು ಸಣಕಲು ನೊಣವಾಗುತ್ತದೆ, ಅದರ ಆಯಸ್ಸೂ ಏರುಪೇರಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆ ನೊಣವಾಗಲು ಸುಮಾರು 10 ದಿನ ಬೇಕು: ಒಂದು ದಿನಕ್ಕೆ ಮೊಟ್ಟೆ ಒಡೆಯುತ್ತದೆ, ನಾಲ್ಕೈದು ದಿನ ಮರಿಹುಳು, ಮತ್ತೆ ನಾಲ್ಕೈದು ದಿನ ಗಾಜಿಗೆ ಅಂಟಿಕೊಂಡ ಕಂದು ಕೋಶ. ಹೊರಬರುವ ನೊಣಗಳಲ್ಲಿ ಒಂದೇ ದಿನ ಹುಟ್ಟಿದವನ್ನು ಮಾತ್ರ ಆರಿಸಿಕೊಳ್ಳಿ.

ಅವು ಎರಡು ದಿನ ಒಟ್ಟಿಗೇ ಇರಲಿ, ಎಲ್ಲವೂ ಕೂಡಲಿ. ಕೂಡಿದ ಹೆಣ್ಣು ಕೂಡದ ಹೆಣ್ಣಿಗಿಂತ ಬೇಗ ಸಾಯುತ್ತದೆ. ಹಾಗಾಗಿ ಎಲ್ಲಕ್ಕೂ ಒಂದೇ ಚರಿತ್ರೆ ಇದ್ದರೆ ಒಳ್ಳೆಯದು. ಆಮೇಲೆ ಗಂಡು ಹೆಣ್ಣು ಬೇರೆ ಮಾಡಿ. ಬಾಟಲಿಯನ್ನು ಕೆಲವೇ ನಿಮಿಷ ಫ್ರೀಜರಿನಲ್ಲಿಟ್ಟರೆ ನೊಣಗಳು ಮಂಪರಿಗೆ ಬೀಳುತ್ತವೆ. ಐಸ್ ಮೇಲೆ ಇಟ್ಟ ತಟ್ಟೆಗೆ ಸುರಿದುಕೊಂಡು ಭೂತಗನ್ನಡಿಯಲ್ಲಿ ನೋಡಿ. ಗಂಡು ಚಿಕ್ಕದು, ಹೊಟ್ಟೆಯ ತುದಿ ದುಂಡಗೆ, ಕಪ್ಪಗೆ. ಹೆಣ್ಣಿನ ಹೊಟ್ಟೆ ಚೂಪು, ತುದಿಯವರೆಗೂ ಪಟ್ಟೆ. ಮಂಪರಿನ ನೊಣಗಳನ್ನು ಹೊಸ ಬಾಟಲಿಗೆ ಹಾಕಿದ ಮೇಲೆ, ಅವು ಏಳುವವರೆಗೆ ಬಾಟಲಿಯನ್ನು ಅಡ್ಡ ಮಲಗಿಸಿಡಿ. ನೆಟ್ಟಗೆ ಇಟ್ಟರೆ ಆಹಾರಕ್ಕೆ ಅಂಟಿಕೊಂಡು ಅಲ್ಲೇ ಸಾಯುತ್ತವೆ. ನನ್ನ ಮೊದಲ ತಂಡದ ಹನ್ನೆರಡು ನೊಣ ಹೋದದ್ದು ಹೀಗೇ, ಪ್ರಯೋಗ ಶುರುವಾಗುವ ಮೊದಲೇ.

ಮೊದಲ ಸಲ ಮಾಡುವವರು ಗಂಡುಗಳನ್ನೇ ಇಟ್ಟುಕೊಳ್ಳಿ. ಹೆಣ್ಣು ಇಟ್ಟ ಮೊಟ್ಟೆಯಿಂದ ಹುಳು ಬಂದು ಆಹಾರವನ್ನು ಕೆಸರು ಮಾಡುತ್ತವೆ, ಆ ಕೆಸರಿನಲ್ಲಿ ಮುದಿ ನೊಣಗಳು ಸಿಕ್ಕಿಬೀಳುತ್ತವೆ. ಗಂಡಿನ ಮೇಲೆ ಕಂಡ ಫಲ ಹೆಣ್ಣಿಗೂ ಅನ್ವಯಿಸಬೇಕಿಲ್ಲ ಎಂಬುದು ನೆನಪಿರಲಿ, ಅಷ್ಟೇ.

ಅಡುಗೆ

ಆಯಸ್ಸಿನ ಪ್ರಯೋಗಕ್ಕೆ ಪ್ರಯೋಗಾಲಯಗಳು ಬಳಸುವ ಒಂದು ಸರಳ ಅಳತೆ ಇದೆ. ಒಂದು ಲೀಟರಿಗೆ ಸಕ್ಕರೆ 50 ಗ್ರಾಂ, ಒಣ ಯೀಸ್ಟ್ 100 ಗ್ರಾಂ, ಅಗರ್ (ಆಹಾರವನ್ನು ಗಟ್ಟಿಯಾಗಿಸುವ ಕಡಲಪಾಚಿಯ ಪುಡಿ) 15 ಗ್ರಾಂ. ನೀರಿನಲ್ಲಿ ಅಗರ್ ಕುದಿಸಿ, ಸಕ್ಕರೆ, ಯೀಸ್ಟ್ ಹಾಕಿ ಮತ್ತೆ ಚೆನ್ನಾಗಿ ಕುದಿಸಿ. ಯೀಸ್ಟ್ ಸಾಯಬೇಕು, ಇಲ್ಲದಿದ್ದರೆ ಬಾಟಲಿಯೊಳಗೆ ಹುದುಗುತ್ತದೆ. ಇದು ಹಾಲಿನ ಹಾಗೆ ಉಕ್ಕುತ್ತದೆ, ಪಾತ್ರೆ ದೊಡ್ಡದಿರಲಿ, ಕಣ್ಣು ಅತ್ತಿತ್ತ ಹೋಗದಿರಲಿ. ಬೂಷ್ಟು ಹಿಡಿಯದಂತೆ ನಿಪಾಜಿನ್ ಎಂಬ ಪುಡಿಯನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಹಾಕುತ್ತಾರೆ, ಲೀಟರಿಗೆ 3 ಗ್ರಾಂ. ಒಲೆ ಆರಿಸಿ, ಪಾತ್ರೆ ಕೆಳಗಿಳಿಸಿ, ಸ್ವಲ್ಪ ಆರಿದ ಮೇಲಷ್ಟೇ ಇದನ್ನು ಹಾಕಿ. ಆಲ್ಕೋಹಾಲಿಗೆ ಬೆಂಕಿ ತಗುಲಿದರೆ ಪ್ರಯೋಗ ಬೇರೆಯದೇ ಆಗುತ್ತದೆ. ಪ್ರಯೋಗಾಲಯದವರು ಪ್ರೊಪಿಯಾನಿಕ್ ಆಮ್ಲವನ್ನೂ ಹಾಕುತ್ತಾರೆ. ಅದು ಚರ್ಮ ಸುಡುವ ವಸ್ತು, ಮನೆಗೆ ಬೇಡ.

ಈಗ ಮದ್ದು. ಕುದಿಯುವ ಅಡುಗೆಗೆ ಹಾಕಿದರೆ ಎಷ್ಟೋ ವಿಟಮಿನ್‌ಗಳು ಹಾಳಾಗುತ್ತವೆ. 50 ಡಿಗ್ರಿಯ ಹತ್ತಿರ ಇಳಿಯಲಿ. ಅಗರ್ ಗಟ್ಟಿಯಾಗುವುದು 40ರ ಕೆಳಗೆ, ಆದ್ದರಿಂದ ಸಿಗುವ ಸಮಯ ಸ್ವಲ್ಪವೇ. ಅಡುಗೆಮನೆಯ ತಕ್ಕಡಿಗೆ ಮಿಲಿಗ್ರಾಂ ಗೊತ್ತಾಗುವುದಿಲ್ಲ, ಅದಕ್ಕೊಂದು ಉಪಾಯ ಇದೆ. ಒಂದು ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ 100 ಮಿಲಿಲೀಟರ್ ಮಾಡಿಕೊಳ್ಳಿ. ಅದರಲ್ಲಿ 10 ಮಿಲಿಲೀಟರನ್ನು ಸಿರಿಂಜಿನಿಂದ ಎಳೆದು 90 ಮಿಲಿಲೀಟರ್ ಆಹಾರಕ್ಕೆ ಬೆರೆಸಿದರೆ, ಪ್ರತಿ ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಆಯಿತು. ಅದೇ ದ್ರಾವಣವನ್ನು ಹತ್ತು ಪಟ್ಟು ತೆಳು ಮಾಡಿ ಬೆರೆಸಿದರೆ 0.1 ಮಿಲಿಗ್ರಾಂ. ಸಾದಾ ಬಾಟಲಿಯ ಆಹಾರಕ್ಕೂ 10 ಮಿಲಿಲೀಟರ್ ಬರೀ ನೀರು ಬೆರೆಸಬೇಕು, ಮರೆಯಬೇಡಿ. ಮದ್ದು ಆಲ್ಕೋಹಾಲಿನಲ್ಲಷ್ಟೇ ಕರಗುವಂಥದ್ದಾದರೆ ಸಾದಾಕ್ಕೂ ಅಷ್ಟೇ ಆಲ್ಕೋಹಾಲು ಹೋಗಬೇಕು.

ಎಷ್ಟು ಡೋಸ್? ಮನುಷ್ಯನ ಡೋಸನ್ನು ತೂಕದ ಲೆಕ್ಕದಲ್ಲಿ ಭಾಗಿಸಿ ನೊಣಕ್ಕೆ ಕೊಡುವುದರಲ್ಲಿ ಅರ್ಥವಿಲ್ಲ. ಸುಮಾರು ಒಂದು ಮಿಲಿಗ್ರಾಂ ತೂಗುವ ಈ ಪ್ರಾಣಿ ದಿನಕ್ಕೆ ಹೆಚ್ಚುಕಡಿಮೆ ತನ್ನ ತೂಕದಷ್ಟೇ ತಿನ್ನುತ್ತದೆ. ಹತ್ತು ಪಟ್ಟಿನ ಅಂತರದಲ್ಲಿ ಎರಡು ಮೂರು ಡೋಸ್ ಇಟ್ಟು ನೋಡುವುದೇ ಸರಿ. ಮಾತ್ರೆಯನ್ನೇ ಅರೆದು ಹಾಕುವವರಿಗೆ ಒಂದು ಎಚ್ಚರಿಕೆ: ಅದರಲ್ಲಿ ಬಣ್ಣ, ಸಿಹಿ, ಅಂಟು, ಸುಣ್ಣದ ಪುಡಿ ಏನೇನೋ ಇರುತ್ತದೆ. ಶುದ್ಧ ಪುಡಿ ಸಿಕ್ಕರೆ ಅದನ್ನೇ ಬಳಸಿ.

ಎಣಿಕೆ, ಎಣಿಕೆ, ಎಣಿಕೆ

ಪ್ರತಿ ಗುಂಪಿಗೆ ಕನಿಷ್ಠ 100 ನೊಣ ಇರಲಿ. ಒಂದು ಬಾಟಲಿಗೆ ಹತ್ತರಂತೆ ಹತ್ತು ಬಾಟಲಿ. ಸಾದಾ ಮತ್ತು ಒಂದು ಡೋಸ್ ಅಂದರೆ ಇಪ್ಪತ್ತು ಬಾಟಲಿ. ವಾರಕ್ಕೆ ಮೂರು ಸಲ ಹೊಸ ಆಹಾರಕ್ಕೆ ವರ್ಗಾಯಿಸಬೇಕು. ಹನ್ನೆರಡು ವಾರಕ್ಕೆ ಲೆಕ್ಕ ಹಾಕಿ: 720 ಸಲ ಬಾಟಲಿ ತುಂಬಿಸಿ, ತೊಳೆದು, ಒಣಗಿಸುವ ಕೆಲಸ. ಇಲ್ಲೇ ಬಹಳ ಜನ ಕೈಬಿಡುತ್ತಾರೆ. ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಬಾಟಲಿ ಕಡಿಮೆ ಆಗಲಿ ಅಂತ ಗುಂಪಿಗೆ ಹತ್ತು ನೊಣ ಇಟ್ಟುಕೊಂಡು ಫಲಿತಾಂಶ ಹೇಳಬೇಡಿ.

ವರ್ಗಾಯಿಸುವ ಕೈಚಳಕ ಬೇಗ ಬರುತ್ತದೆ. ಬಾಟಲಿಯನ್ನು ಮೆತ್ತನೆಯ ಚಾಪೆಯ ಮೇಲೆ ಮೆಲ್ಲಗೆ ಕುಟ್ಟಿ, ನೊಣಗಳು ಕೆಳಗೆ ಬೀಳುತ್ತವೆ. ಬಿರಡೆ ತೆಗೆದು ಹೊಸ ಬಾಟಲಿಯನ್ನು ಬಾಯಿಗೆ ಬಾಯಿ ಕೊಟ್ಟು ಮೇಲೆ ಕವುಚಿ. ನೊಣಕ್ಕೆ ಮೇಲಕ್ಕೆ ಹತ್ತುವ ಹುಟ್ಟುಗುಣ ಇದೆ, ತಾವಾಗಿಯೇ ಹೋಗುತ್ತವೆ. ಮುದಿಯಾದಂತೆ ಹತ್ತುವ ವೇಗ ಇಳಿಯುತ್ತದೆ. ಹತ್ತು ಸೆಕೆಂಡಿನಲ್ಲಿ ಎಷ್ಟು ನೊಣ ಎಂಟು ಸೆಂಟಿಮೀಟರ್ ಗೆರೆ ದಾಟಿದವು ಎಂದು ವಾರಕ್ಕೊಮ್ಮೆ ಬರೆದಿಟ್ಟರೆ ಆಯಸ್ಸಿನ ಜೊತೆ ಕಸುವಿನ ಲೆಕ್ಕವೂ ಸಿಗುತ್ತದೆ. ನನಗಂತೂ ಸಾವಿನ ಎಣಿಕೆಗಿಂತ ಇದೇ ಇಷ್ಟ.

ಸತ್ತವನ್ನು ಒಂದು ಅಂಕಣದಲ್ಲಿ ಬರೆಯಿರಿ. ತಪ್ಪಿಸಿಕೊಂಡು ಹಾರಿಹೋದವು, ಬಿರಡೆಗೆ ಸಿಕ್ಕಿ ಸತ್ತವು ಇನ್ನೊಂದು ಅಂಕಣಕ್ಕೆ. ಅವು ಮುಪ್ಪಿನಿಂದ ಸತ್ತಿದ್ದಲ್ಲ. ಅವನ್ನು ಸಾವಿನ ಲೆಕ್ಕಕ್ಕೂ ಸೇರಿಸಬಾರದು, ಇರಲೇ ಇಲ್ಲ ಎಂದು ಅಳಿಸಲೂಬಾರದು.

ಇನ್ನು ಕಾವು. 1917ರಲ್ಲೇ ಲೋಬ್ ಮತ್ತು ನಾರ್ಥ್ರಪ್ ಎಂಬ ವಿಜ್ಞಾನಿಗಳು ಇದೇ ನೊಣದಲ್ಲಿ ತೋರಿಸಿದ್ದರು: ಕಾವು ಏರಿದರೆ ಆಯಸ್ಸು ಇಳಿಯುತ್ತದೆ. ಕಿಟಕಿ ಪಕ್ಕದ ಬಾಟಲಿ ಬೇರೆ, ಮೂಲೆಯ ಬಾಟಲಿ ಬೇರೆ. ಆದ್ದರಿಂದ ಸಾದಾ ಒಂದು ಕಡೆ, ಮದ್ದಿನದು ಇನ್ನೊಂದು ಕಡೆ ಇಡಬೇಡಿ. ಬೆರೆಸಿಡಿ, ಪ್ರತಿ ಸಲ ಜಾಗ ಬದಲಿಸಿ, ಮಧ್ಯದಲ್ಲೊಂದು ಥರ್ಮಾಮೀಟರ್ ಇರಲಿ.

ಯಾವುದು ಯಾವ ಬಾಟಲಿ ಎಂದು ಎಣಿಸುವವರಿಗೆ ಗೊತ್ತಿರಬಾರದು. ಮನೆಯಲ್ಲಿ ಬೇರೆ ಯಾರಾದರೂ ಗುರುತು ಹಾಕಿ, ಅದರ ಗುಟ್ಟನ್ನು ಲಕೋಟೆಯಲ್ಲಿ ಅಂಟಿಸಿಡಲಿ. ಕಾಲು ಅಲುಗಿಸುತ್ತಿರುವ ನೊಣ ಸತ್ತಿದೆಯೋ ಬದುಕಿದೆಯೋ ಅನ್ನುವಾಗ ನಮ್ಮ ಆಸೆ ಎಷ್ಟು ಸಲೀಸಾಗಿ ಒಳಗೆ ನುಗ್ಗುತ್ತದೆ ಅಂತ ಎಣಿಸಿದವರಿಗೇ ಗೊತ್ತು.

ಮದ್ದಿನ ನೊಣ ಗೆದ್ದರೆ

ಖುಷಿ ಪಡುವ ಮೊದಲು ಮೂರು ಅನುಮಾನ ಪಡಬೇಕು.

ಮೊದಲನೆಯದು, ಅವು ತಿಂದವೇ? ಕಡಿಮೆ ತಿಂದ ನೊಣ ಜಾಸ್ತಿ ಬದುಕುತ್ತದೆ, ಅದರಲ್ಲೂ ಯೀಸ್ಟ್ ಕಡಿಮೆಯಾದಾಗ. ಮದ್ದು ಕಹಿಯಾಗಿದ್ದು ನೊಣ ಅರೆಹೊಟ್ಟೆಯಲ್ಲಿದ್ದರೆ, ನೀವು ಅಳೆದದ್ದು ಉಪವಾಸದ ಫಲ. ಒಂದು ದಿನ ಎರಡೂ ಆಹಾರಕ್ಕೆ ನೀಲಿ ತಿನಿಸು ಬಣ್ಣ ಬೆರೆಸಿ ಕೆಲವು ಬೇರೆ ನೊಣಗಳಿಗೆ ಕೊಡಿ. ಒಂದೆರಡು ಗಂಟೆ ಬಿಟ್ಟು ಹೊಟ್ಟೆ ನೋಡಿ. ನೀಲಿ ಎರಡರಲ್ಲೂ ಒಂದೇ ಥರ ಕಾಣಬೇಕು.

ಎರಡನೆಯದು, ಮದ್ದು ನೊಣಕ್ಕೆ ಕೆಲಸ ಮಾಡಿತೋ ಆಹಾರಕ್ಕೋ? ಹುಳಿ ಇರುವ, ಬೂಷ್ಟು ತಡೆಯುವ ಪುಡಿಗಳು ಬಾಟಲಿಯನ್ನೇ ಸ್ವಚ್ಛವಾಗಿಡುತ್ತವೆ. ಸಾದಾ ಬಾಟಲಿಗಳಲ್ಲಿ ಮಾತ್ರ ಬೂಷ್ಟು ಕಂಡಿದ್ದರೆ ಉತ್ತರ ಅಲ್ಲೇ ಇದೆ.

ಮೂರನೆಯದು, ಸಾದಾ ನೊಣಗಳು ಎಷ್ಟು ದಿನ ಬದುಕಿದವು? ಬದುಕಿರುವವರ ಸಂಖ್ಯೆಯನ್ನು ದಿನದ ಎದುರಿಗೆ ಗ್ರಾಫ್ ಮಾಡಿ. ಒಳ್ಳೆಯ ಸಾಕಣೆಯಲ್ಲಿ ಗೆರೆ ಮೊದಲ ತಿಂಗಳು ಮಟ್ಟಸವಾಗಿ ಹೋಗಿ ಆಮೇಲೆ ಬಂಡೆಯಂಚಿನಿಂದ ಇಳಿದ ಹಾಗೆ ಬೀಳುತ್ತದೆ. ಮೊದಲ ವಾರದಿಂದಲೇ ಇಳಿಜಾರಾಗಿದ್ದರೆ ನೊಣಗಳು ಸತ್ತದ್ದು ಮುಪ್ಪಿನಿಂದಲ್ಲ, ನಮ್ಮ ಕೈಯಿಂದ. 25 ಡಿಗ್ರಿಯಲ್ಲಿ ಸಾದಾ ನೊಣಗಳಲ್ಲಿ ಅರ್ಧ 30 ದಿನಕ್ಕೇ ಸತ್ತಿದ್ದರೆ, ಮದ್ದಿನವು 40 ದಿನ ಬದುಕಿದ್ದು ಸುದ್ದಿಯೇ ಅಲ್ಲ. ಆರೋಗ್ಯವಂತ ನೊಣ ಮದ್ದಿಲ್ಲದೆಯೇ 50 ದಾಟುತ್ತದೆ.

ದೊಡ್ಡ ಪ್ರಯೋಗಾಲಯಗಳೂ ಇಲ್ಲಿ ಎಡವಿವೆ. ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ನೊಣದ ಆಯಸ್ಸು ಹೆಚ್ಚಿಸುತ್ತದೆ ಎಂಬ ವರದಿ 2004ರಲ್ಲಿ ಬಂತು. 2007ರಲ್ಲಿ ಇನ್ನೊಂದು ತಂಡ ಮತ್ತೆ ಮತ್ತೆ ಮಾಡಿ ನೋಡಿದರೂ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ರಾಪಮೈಸಿನ್ ಎಂಬ ಔಷಧದ ಕಥೆ ಬೇರೆ. 2010ರಲ್ಲಿ ಅದು ನೊಣಗಳ ಆಯಸ್ಸು ಹೆಚ್ಚಿಸಿದ್ದು ವರದಿಯಾಯಿತು. ಅದಕ್ಕೂ ಒಂದು ವರ್ಷ ಮೊದಲೇ ಇಲಿಗಳಲ್ಲೂ ಹೆಚ್ಚಿಸಿತ್ತು. ಆದರೆ ಅದು ವೈದ್ಯರ ಚೀಟಿ ಬೇಕಾದ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ. ಅದನ್ನು ಮನೆಯಲ್ಲಿ ಮುಟ್ಟಬೇಡಿ. ನೊಣಕ್ಕೆ ಒಗ್ಗಿದ್ದನ್ನು ನೀವೂ ನುಂಗಲು ಹೊರಡಬೇಡಿ.

ಎರಡು ಗೆರೆಗಳ ನಡುವಿನ ಅಂತರ ನಿಜವೋ ಆಕಸ್ಮಿಕವೋ ತಿಳಿಯಲು ಲಾಗ್-ರ‍್ಯಾಂಕ್ ಎಂಬ ಪರೀಕ್ಷೆ ಇದೆ. ಪುಕ್ಕಟೆ ಸಿಗುವ ಆರ್ ಎಂಬ ತಂತ್ರಾಂಶದಲ್ಲಿ ಮಾಡಬಹುದು, ಹಾರಿಹೋದ ನೊಣಗಳನ್ನೂ ಅದು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹತ್ತಿಪ್ಪತ್ತು ಬಗೆ ಮಾತ್ರೆ ಪರೀಕ್ಷಿಸಿದರೆ ಒಂದಾದರೂ ಸುಮ್ನೆ ಅದೃಷ್ಟದಿಂದ ಗೆಲ್ಲಬಹುದು. ಗೆದ್ದದ್ದನ್ನು ಹೊಸ ತಲೆಮಾರಿನ ನೊಣಗಳೊಂದಿಗೆ ಇನ್ನೂ ಎರಡು ಸಲ ಮಾಡಿ ನೋಡಿ.

ಕೊನೆಯ ನೊಣ ಸತ್ತ ದಿನ ಮೊದಲು ಗ್ರಾಫ್ ಮುಗಿಸಿ, ಆಮೇಲೆ ಲಕೋಟೆ ಒಡೆಯಿರಿ. ಉಳಿದ ತಳಿಯ ಬಾಟಲಿಗಳನ್ನು ಹೊರಗೆ ಬಿಡಬೇಡಿ. ಎರಡು ದಿನ ಫ್ರೀಜರಿನಲ್ಲಿಟ್ಟು, ಚೀಲದಲ್ಲಿ ಕಟ್ಟಿ ಎಸೆಯಿರಿ. ಒಂದು ಬಾಟಲಿ ಮಾತ್ರ ಉಳಿಸಿಕೊಳ್ಳಿ, ಎರಡನೆಯ ಸುತ್ತಿಗೆ ಬೇಕು.